ಓದದೆ ಬಿಟ್ಟ ಹೆಸರು

ವೆಲ್ಕಾದಲ್ಲಿ ಯಾರು ಸತ್ತರೂ ಮಧ್ಯಾಹ್ನ ಹನ್ನೆರಡಕ್ಕೇ ಸಾಯುತ್ತಿದ್ದರು. ಉಸಿರು ನಿಂತದ್ದು ಹಿಂದಿನ ಸಂಜೆಯೇ ಆಗಿರಲಿ, ಬೆಳಗಿನ ಜಾವವೇ ಆಗಿರಲಿ, ಆಲ್ಬೀನಾ ಕುಬಾಲಾ ರೇಡಿಯೊದಲ್ಲಿ ಹೆಸರು ಓದುವ ತನಕ ಊರು ಆ ಸಾವನ್ನು ಒಪ್ಪಿಕೊಳ್ಳುತ್ತಿರಲಿಲ್ಲ. ಮೊದಲು ಇಗರ್ಜಿಯ ಗಂಟೆ, ಆಮೇಲೆ ಅಕಾರ್ಡಿಯನ್ನಿನ ನಿಧಾನದ ಒಂದು ವಾಲ್ಟ್ಸ್, ಆಮೇಲೆ ಚೆಕ್ ಮಾತಿನಲ್ಲಿ ಅವಳ ದನಿ. ವಾಲ್ಟ್ಸ್ ಶುರುವಾದೊಡನೆ ಹತ್ತಿ ಹೊಲದಲ್ಲಿ ಟ್ರ್ಯಾಕ್ಟರುಗಳು ನಿಲ್ಲುತ್ತಿದ್ದವು. ಅಡುಗೆಮನೆಗಳಲ್ಲಿ ಸೌಟು ಪಾತ್ರೆಯ ಅಂಚಿಗೆ ಒರಗುತ್ತಿತ್ತು.

ಊರಿನ ಪತ್ರಿಕೆ ಬರುತ್ತಿದ್ದದ್ದು ವಾರಕ್ಕೊಮ್ಮೆ, ಅಷ್ಟರಲ್ಲಿ ಮಣ್ಣೂ ಮುಗಿದಿರುತ್ತಿತ್ತು. ಮನೆಮನೆಗೆ ಫೋನು ಮಾಡಿ ಸಾವಿನ ಸುದ್ದಿ ಹೇಳುವುದು ಕಡಲು ದಾಟಿ ಬಂದು ಹತ್ತಿ ಬೆಳೆಯುತ್ತಿದ್ದ ಆ ಚೆಕ್ ಜನರಲ್ಲಿ ನಾಚಿಕೆಗೇಡು, ಅಳಲು ಜನರನ್ನು ಬೇಡಿ ತಂದ ಹಾಗೆ. ಹಾಗಾಗಿ ಎಲ್ಲವೂ ರೇಡಿಯೊದ್ದೇ. ಸತ್ತವರ ಹೆಸರು, ಊರು, ಪ್ರಾರ್ಥನೆಯ ಹೊತ್ತು, ಕೊನೆಗೆ ಹಿಂದೆ ಉಳಿದವರ ಹೆಸರುಗಳು: ಗಂಡ, ಹೆಂಡತಿ, ಮಕ್ಕಳು, ಸೊಸೆಯರು. ಇಗರ್ಜಿಯ ಸಭಾಂಗಣದಲ್ಲಿ ಅಡುಗೆ ನೋಡಿಕೊಳ್ಳುವ ಹೆಂಗಸರು ಆ ಹೆಸರುಗಳನ್ನು ಬೆರಳು ಮಡಿಸುತ್ತ ಕೇಳುತ್ತಿದ್ದರು. ಮಣ್ಣು ಮುಗಿದ ಮೇಲಿನ ಊಟಕ್ಕೆ ಮನೆಯವರ ಮೇಜು ಬೇರೆ, ಅದಕ್ಕೆ ಬಿಳಿ ಹಾಸು. ರೇಡಿಯೊದಲ್ಲಿ ಎಷ್ಟು ಹೆಸರೋ ಅಲ್ಲಿ ಅಷ್ಟೇ ಕುರ್ಚಿ.

ಆಲ್ಬೀನಾ ಅಲ್ಲಿಗೆ ಬಂದದ್ದು ಹತ್ತಿ ಗಿರಣಿಯ ಜಾಹೀರಾತು ಕೊಡಲು. ಆಗಿನ್ನೂ ಹುಡುಗಿ. ಅವತ್ತು ಓದುವವಳಿಗೆ ಜ್ವರ. ಸ್ಟೇಷನ್ನಿನ ಒಡೆಯ ಅಲೋಯಿಸ್ ವ್ರಾನಾ ಹಾಳೆಯೊಂದನ್ನು ಅವಳ ಕೈಗಿಟ್ಟು ಮೈಕಿನ ಮುಂದೆ ಕೂರಿಸಿದರು. ಅವಳು ಹೆದರಿ ಗಡಬಡನೆ ಓದಿ ಮುಗಿಸಿದಳು. ಅಲೋಯಿಸ್ ಗದರಲಿಲ್ಲ. ಸತ್ತವರ ಹೆಸರನ್ನು ಅವಸರದಲ್ಲಿ ಓದಬೇಡ, ಅವರಿಗೇನೂ ಅವಸರವಿಲ್ಲ ಎಂದಷ್ಟೇ ಹೇಳಿದರು. ಮಾರನೆಯ ದಿನ ಮತ್ತೆ ಬರಲು ಹೇಳಿದರು. ಅವಳು ಕೂದಲು ಬೆಳ್ಳಗಾಗುವವರೆಗೂ ಹೋದಳು.

ಅದೊಂದು ಸಣ್ಣ ಎ.ಎಂ. ಸ್ಟೇಷನ್ನು. ಹಸು ಮೇಯುವ ಬಯಲಲ್ಲಿ ಒಂದು ಕಂಬ, ಕಂಬದ ಬುಡಕ್ಕೆ ಎರಡು ಕೋಣೆ, ಬಾಗಿಲ ಬಳಿ ಒಂದು ಅಂಜೂರದ ಮರ. ಸೂರ್ಯ ಮುಳುಗಿದರೆ ಸ್ಟೇಷನ್ನೂ ಮುಳುಗಬೇಕು, ಸರ್ಕಾರದ ಕಟ್ಟಳೆ. ಬೆಳಿಗ್ಗೆ ಪೋಲ್ಕಾ ಹಾಡುಗಳು, ಅದರ ನಡುವೆ ‘ಕೊಡು ಕೊಳ್ಳು’ ಎಂಬ ಕಾರ್ಯಕ್ರಮ. ಯಾರ ಮನೆಯಲ್ಲಿ ಹಳೆಯ ಒಲೆ ಮಾರಾಟಕ್ಕಿದೆ, ಯಾರ ಕರು ಬೇಲಿ ಹಾರಿ ಹೋಗಿದೆ, ಯಾರಿಗೆ ಯಾರದೋ ಕೋಟು ಸಿಕ್ಕಿದೆ, ಎಲ್ಲವನ್ನೂ ಆಲ್ಬೀನಾ ಓದುತ್ತಿದ್ದಳು. ಊರಿಗೆಲ್ಲ ಅವಳು ಟೇಟಾ ಆದಳು, ಅಂದರೆ ಚಿಕ್ಕಮ್ಮ. ಮದುವೆಯಾಗಲಿಲ್ಲ. ಗಂಡ ಸತ್ತ ಅಕ್ಕ ಒಟೀಲಿಯಾಳ ಜೊತೆ ಒಂದೇ ಮನೆಯಲ್ಲಿದ್ದಳು.

ಎಲ್ಲರ ಬಾಯಲ್ಲಿ ಟೀಲಿಯಾಗಿದ್ದ ಆ ಅಕ್ಕ ಒಲೆಯ ಮುಂದೆ ನಿಂತು, ಕಿಟಕಿಯಲ್ಲಿಟ್ಟ ರೇಡಿಯೊಕ್ಕೆ ಒಂದು ಕಿವಿ ಕೊಟ್ಟು, ಪ್ರತಿದಿನ ತಂಗಿಯನ್ನು ಕೇಳುತ್ತಿದ್ದಳು. ತಂಗಿ ಮನೆಗೆ ಬಂದೊಡನೆ ವಿಚಾರಣೆ. ಇವತ್ತು ಆ ಮುದುಕಿಯ ತವರಿನ ಹೆಸರು ನುಂಗಿದೆ, ಪಾಪ, ಅವಳಿಗಿದ್ದ ಆಸ್ತಿ ಅದೊಂದೇ ಎನ್ನುವಳು. ಆಲ್ಬೀನಾ ಸಿಟ್ಟಾಗುವಳು. ಮರುದಿನ ಹೆಸರುಗಳನ್ನು ಪೂರ್ತಿಯಾಗಿ, ಅಕ್ಷರ ಅಕ್ಷರವಾಗಿ ಓದುವಳು.

ಅಲೋಯಿಸರ ಕಾಲು ಸೋತು ಅವರು ವೃದ್ಧರ ಮನೆ ಸೇರಿದಾಗ ಸ್ಟೇಷನ್ನು ಮಗ ಡೆಲ್ಬರ್ಟನ ಕೈಗೆ ಬಂತು. ಡೆಲ್ಬರ್ಟ್ ಕೆಟ್ಟವನಲ್ಲ, ಯಾವಾಗಲೂ ಅವಸರದಲ್ಲಿರುವವನು. ಅವನು ಅಂಜೂರದ ಮರ ಕಡಿಸಿ ಅಲ್ಲೊಂದು ದೊಡ್ಡ ಡಿಶ್ ನೆಡಿಸಿದ. ಇನ್ನು ಮೇಲೆ ಪೋಲ್ಕಾ ಇಲ್ಲ, ಕೊಡು ಕೊಳ್ಳು ಇಲ್ಲ, ಹನ್ನೆರಡರ ಗಂಟೆಯೂ ಇಲ್ಲ. ಎಲ್ಲೋ ದೂರದ ನಗರದಲ್ಲಿ ಇಬ್ಬರು ಕೂತು ಬೇಸ್‌ಬಾಲಿನ ಬಗ್ಗೆ ಜಗಳವಾಡುತ್ತಾರೆ, ಆ ಜಗಳ ಆಕಾಶದಿಂದ ಇಳಿದು ಹಸುಗಳ ಬಯಲಿಂದ ಊರಿಗೆ ಹೋಗುತ್ತದೆ. ಕೂಲಿಯವರೂ ಬೇಡ.

ಆಲ್ಬೀನಾ ಜಗಳ ಮಾಡಲಿಲ್ಲ. ಊರಿನವರು ಕೇಳುತ್ತಾರಲ್ಲ ಅಂದಳು, ಅಷ್ಟೇ.

“ಯಾರು ಕೇಳ್ತಾರೆ ಟೇಟಾ?” ಡೆಲ್ಬರ್ಟ್ ನಕ್ಕ. “ನಿಮ್ಮನ್ನ ಕೇಳೋರೆಲ್ಲ ಒಬ್ಬೊಬ್ಬರಾಗಿ ನೀವು ಓದೋ ಪಟ್ಟಿಗೇ ಸೇರ್ತಾ ಇದಾರೆ.”

ಕೊನೆಯ ದಿನ ಅವನು ಅವಳಿಗೊಂದು ಕೇಕು ಕೊಟ್ಟ. ಅಂಗಡಿಯ ಕೇಕು, ಮೇಲೆ ಅವಳ ಹೆಸರು ಗುಲಾಬಿ ಸಕ್ಕರೆಯಲ್ಲಿ. ಊರಿನ ಅರ್ಧ ಮದುವೆಗಳಿಗೆ ಕೊಲಾಚೆ ಎಂಬ ಸಿಹಿ ಬನ್ನು ಸುಟ್ಟುಕೊಟ್ಟ ಹೆಂಗಸಿಗೆ ಅಂಗಡಿಯ ಕೇಕು. ಹಾಡಿನ ಗ್ರಾಮಫೋನ್ ತಟ್ಟೆಗಳನ್ನು ಅವನು ಹೆದ್ದಾರಿಯ ಹೋಟೆಲಿಗೆ ಕೊಟ್ಟುಬಿಟ್ಟಿದ್ದ. ಅವರು ಚೆಂದಕ್ಕೆಂದು ಗೋಡೆಗೆ ಮೊಳೆ ಹೊಡೆದರು. ಹನ್ನೆರಡರ ವಾಲ್ಟ್ಸಿನ ತಟ್ಟೆಯೂ ಅಲ್ಲೇ, ಸಾಸಿನ ಬಾಟಲಿಗಳ ಮೇಲೆ.

ಟೀಲಿ ಆ ಕೇಕನ್ನು ಕೋಳಿಗಳಿಗೆ ಹಾಕಿದಳು. ಕೋಳಿಗಳೂ ಮೂಸಿ ಬಿಟ್ಟವು ಎಂದು ನಕ್ಕಳು. ಅದು ಅವಳ ಕೊನೆಯ ತಮಾಷೆಗಳಲ್ಲಿ ಒಂದು. ಚಳಿಗಾಲದಲ್ಲಿ ಮಲಗಿದವಳು ಏಳಲಿಲ್ಲ.

ಅಕ್ಕನ ಹೆಸರು ಬರೆದ ಹಾಳೆ ಹಿಡಿದು ಆಲ್ಬೀನಾ ಸ್ಟೇಷನ್ನಿಗೆ ಹೋದಳು. ಓದುವುದು ತಾನೇ ಆಗಬೇಕೆಂದಿಲ್ಲ, ಯಾರು ಓದಿದರೂ ಸರಿ, ಒಂದೇ ಒಂದು ಸಲ. ಡೆಲ್ಬರ್ಟ್ ಫೋನಿನಲ್ಲಿದ್ದ. ರಿಸೀವರನ್ನು ಭುಜಕ್ಕೊತ್ತಿ ಹಾಳೆ ತೆಗೆದುಕೊಂಡ.

“ಜಾಗ ಇಲ್ಲ ಟೇಟಾ. ಎಲ್ಲಾ ಮೇಲಿಂದಾನೇ ತುಂಬಿ ಬರತ್ತೆ.” ಅವಳು ಹೋಗದೆ ನಿಂತಿದ್ದನ್ನು ಕಂಡು, “ಇರಲಿ, ನೋಡ್ತೀನಿ,” ಎಂದ.

ನೋಡ್ತೀನಿ ಎಂದರೆ ಅಲೋಯಿಸರ ಬಾಯಲ್ಲಿ ಆಗುತ್ತದೆ ಎಂದೇ ಅರ್ಥವಿತ್ತು. ಮಗನ ಬಾಯಲ್ಲೂ ಹಾಗೇ ಇರಬೇಕೆಂದು ಆಲ್ಬೀನಾ ನಂಬಿದಳು. ನಂಬಿ ಮನೆಗೆ ಬಂದು ಹಿಟ್ಟು ಕಲೆಸಿದಳು.

ಟೀಲಿಯ ಊಟಕ್ಕೆ ಸಭಾಂಗಣದಲ್ಲಿ ಉದ್ದುದ್ದ ಮೇಜುಗಳನ್ನು ಹಾಕಿದ್ದರು. ದೊಡ್ಡ ಪಾತ್ರೆಯಲ್ಲಿ ಶಾವಿಗೆಯ ಸೂಪು, ತಟ್ಟೆ ತಟ್ಟೆ ಮಾಂಸ, ಗಸಗಸೆಯ ಕೊಲಾಚೆ. ಬಂದವರು ಪಾದ್ರಿ, ಪಕ್ಕದ ಮನೆಯವರು, ಅಡುಗೆಯ ಹೆಂಗಸರು. ಬಾಗಿಲು ತೆರೆದೇ ಇತ್ತು, ಗಾಳಿ ಮಾತ್ರ ಒಳಗೆ ಬಂತು. ಅಡುಗೆಯ ಹೆಂಗಸರ ಮುಖ್ಯಸ್ಥೆ ಹಿಲ್ಡಾ, ಜನ ಬರಬಹುದು, ಇನ್ನೂ ಹೊತ್ತಿದೆ ಎನ್ನುತ್ತ ಸೂಪನ್ನು ಮೂರು ಸಲ ಬಿಸಿ ಮಾಡಿದಳು. ಬಿಳಿ ಹಾಸಿನ ಮೇಜಿನಲ್ಲಿ ಆಲ್ಬೀನಾ ಒಬ್ಬಳೇ. ಆ ದಿನ ಹನ್ನೆರಡಕ್ಕೆ ರೇಡಿಯೊದಲ್ಲಿ ಇಬ್ಬರು ಯಾರದೋ ಮೊಣಕೈ ನೋವಿನ ಬಗ್ಗೆ ವಾದ ಮಾಡುತ್ತಿದ್ದರು.

ಓದದ ಸಾವು ಸಾವಲ್ಲ. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಇಗರ್ಜಿಯ ಮೆಟ್ಟಿಲಲ್ಲಿ ಜನ ಕೇಳತೊಡಗಿದರು: ಟೀಲಿ ಹೇಗಿದ್ದಾಳೆ, ಈಚೆಗೆ ಕಾಣುತ್ತಲೇ ಇಲ್ಲ? ಮೊದಮೊದಲು ಆಲ್ಬೀನಾ ನಿಜ ಹೇಳಿದಳು. ಕೇಳಿದವರ ಮುಖ ಕಪ್ಪಿಡುತ್ತಿತ್ತು. ರೇಡಿಯೊದಲ್ಲಿ ಬರಲೇ ಇಲ್ಲವಲ್ಲ ಎಂದು, ತಪ್ಪು ಅವಳದೇ ಎಂಬಂತೆ ನೋಡುತ್ತಿದ್ದರು. ಆಮೇಲೆ ಅವಳು ಹೇಳುವುದನ್ನು ಬಿಟ್ಟಳು. ಮಲಗಿದ್ದಾಳೆ ಎನ್ನುತ್ತಿದ್ದಳು, ಅದು ಸುಳ್ಳೂ ಅಲ್ಲ. ಕ್ರಿಸ್‌ಮಸ್ಸಿಗೆ ಕಾರ್ಡುಗಳು ಇಬ್ಬರ ಹೆಸರಿಗೂ ಬಂದವು. ಯಾರೋ ಟೀಲಿಯ ಕೆಮ್ಮಿಗೆಂದು ಜೇನು ಕಳಿಸಿದರು. ಅವಳು ಜೇನಿನ ಬಾಟಲಿಯನ್ನು ಬೀರುವಿನಲ್ಲಿಟ್ಟು ಬಾಗಿಲು ಹಾಕಿದಳು. ಹಗೆಯನ್ನೂ ಹಾಗೆಯೇ, ಹುದುಗಿಗಿಟ್ಟ ಹಿಟ್ಟಿನಂತೆ ಬಟ್ಟೆ ಮುಚ್ಚಿ ಬೆಚ್ಚಗಿಟ್ಟಳು. ದಿನವೂ ಒಮ್ಮೆ ಬಟ್ಟೆ ಎತ್ತಿ ನೋಡುವಳು. ಉಬ್ಬಿರುತ್ತಿತ್ತು.

ಅಷ್ಟರಲ್ಲಿ ನದಿಯಾಚೆಯ ಸ್ಟೇಷನ್ನಿನವರು ಅವಳನ್ನು ಕರೆದರು. ಅದೂ ಎ.ಎಂ., ಇನ್ನೂ ಚಿಕ್ಕದು, ದನಗಾಹಿಗಳ ಹಾಡು ಹಾಕುವಂಥದ್ದು. ವೆಲ್ಕಾದ ಮೇವಿನ ಅಂಗಡಿಯವನೂ ಸಾಸೇಜಿನವನೂ ಆಲ್ಬೀನಾ ಎಲ್ಲೋ ಅಲ್ಲೇ ನಮ್ಮ ಜಾಹೀರಾತು ಎಂದದ್ದೇ ಕಾರಣ. ಬೆಳಿಗ್ಗೆ ಕೊಡು ಕೊಳ್ಳು, ಹನ್ನೆರಡಕ್ಕೆ ಹೆಸರುಗಳು, ಎರಡೂ ಮತ್ತೆ ಶುರುವಾದವು. ವಾಲ್ಟ್ಸ್ ಮಾತ್ರ ಬೇರೆ. ವೆಲ್ಕಾದ ಮನೆಗಳಲ್ಲಿ ರೇಡಿಯೊದ ಮುಳ್ಳು ಸ್ವಲ್ಪ ಬಲಕ್ಕೆ ಸರಿದು ನಿಂತಿತು.

ಟೀಲಿಯ ಹೆಸರನ್ನು ಈಗಲಾದರೂ ಓದಿಬಿಡು ಎಂದು ಹಿಲ್ಡಾ ಎಷ್ಟೋ ಸಲ ಹೇಳಿದಳು. ಆಲ್ಬೀನಾ ಒಪ್ಪಲಿಲ್ಲ. ಅಕ್ಕ ನಲವತ್ತು ವರ್ಷ ಕೇಳಿದ್ದು ವೆಲ್ಕಾದ ಸ್ಟೇಷನ್ನನ್ನು. ನುಂಗಿದ ಬಾಯಿಂದಲೇ ಅದು ಹೊರಗೆ ಬರಬೇಕು.

ವೃದ್ಧರ ಮನೆಯಲ್ಲಿ ಅಲೋಯಿಸರ ತಲೆದಿಂಬಿನ ಪಕ್ಕದ ರೇಡಿಯೊ ಕೂಡ ನದಿಯಾಚೆಗೇ ತಿರುಗಿತ್ತು. ಆಲ್ಬೀನಾ ಭಾನುವಾರಗಳಲ್ಲಿ ಹೋಗಿ ಅವರೊಡನೆ ತಾರೋಕಿ ಎಂಬ ಇಸ್ಪೀಟಾಟ ಆಡುತ್ತಿದ್ದಳು. ಅವರಿಗೊಬ್ಬರಿಗೆ ಅವಳು ಎಲ್ಲವನ್ನೂ ಹೇಳಿದ್ದಳು. ಮುದುಕರು ಕೈಯಲ್ಲಿದ್ದ ಎಲೆಗಳನ್ನು ಮಗುಚಿಟ್ಟರು. ಒಂದೇ ಮಾತು ಹೇಳಿದರು: ನನ್ನದನ್ನು ನೀನೇ ಓದಬೇಕು.

ಓದುವ ದಿನವೂ ಬಂತು. ಹತ್ತಿ ಬಿಡಿಸುವ ಹೊತ್ತಿನಲ್ಲಿ ಅಲೋಯಿಸ್ ತೀರಿಕೊಂಡರು. ಡೆಲ್ಬರ್ಟ್ ಹಾಳೆ ಹಿಡಿದು ಆಲ್ಬೀನಾಳ ಅಡುಗೆಮನೆಗೆ ಬಂದ. ಅತ್ತಿದ್ದವನ ಕಣ್ಣು. ತನ್ನದೇ ಸ್ಟೇಷನ್ನಿನಲ್ಲಿ ಅಪ್ಪನ ಸಾವು ಹೇಳಲು ಅವನಿಗೆ ದಾರಿಯಿರಲಿಲ್ಲ, ಹೇಳಿದ್ದರೂ ಕೇಳುವವರಿರಲಿಲ್ಲ. ಅವನು ಅದನ್ನು ಬಾಯಿಬಿಟ್ಟು ಒಪ್ಪಿಕೊಂಡ. ಆಲ್ಬೀನಾ ಅವನಿಗೆ ಕಾಫಿ ಬಗ್ಗಿಸಿದಳು. ಆ ಕ್ಷಣಕ್ಕೆ ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ಅಪ್ಪನನ್ನು ಕಳೆದುಕೊಂಡವನು, ಹಾಳೆ ಇಸಿದುಕೊಂಡು ಓದಿಬಿಡೋಣ, ಉಳಿದದ್ದು ಆಮೇಲೆ ಎಂದುಕೊಂಡಿದ್ದಳು.

ಡೆಲ್ಬರ್ಟ್ ಕಾಫಿ ಕುಡಿದ. ಸುತ್ತ ನೋಡಿದ. ಅವನಿಗೆ ಸೌಜನ್ಯ ನೆನಪಾಯಿತು.

“ಟೀಲಿ ಟೇಟಾ ಎಲ್ಲಿ, ಕಾಣ್ತಾ ಇಲ್ಲ? ಹುಷಾರಾಗಿದಾರಾ?”

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಆಲ್ಬೀನಾ ಎದ್ದು ಉರಿ ಸಣ್ಣ ಮಾಡಿದಳು.

“ಮಲಗಿದಾಳೆ,” ಎಂದಳು. ಮತ್ತೆ ಅವನ ಕೈಯಿಂದ ಹಾಳೆ ತೆಗೆದುಕೊಂಡು, “ಓದ್ತೀನಿ ಡೆಲ್ಬರ್ಟ್. ನಿಮ್ಮಪ್ಪನ ಊಟಕ್ಕೆ ಒಂದು ಕುರ್ಚೀನೂ ಖಾಲಿ ಇರಬಾರದು,” ಎಂದಳು.

ಅವಳು ಅಷ್ಟು ಚೆನ್ನಾಗಿ ಯಾವತ್ತೂ ಓದಿರಲಿಲ್ಲವೆಂದು ಜನ ಇಂದಿಗೂ ಹೇಳುತ್ತಾರೆ. ಗಂಟೆ ಪೂರ್ತಿ ಬಾರಿಸಿತು, ವಾಲ್ಟ್ಸ್ ಕೊನೆಯ ಸ್ವರದವರೆಗೆ ಹರಿಯಿತು. ಅಲೋಯಿಸರ ಹೆಸರನ್ನು, ಅವರ ಅಪ್ಪ ಅಮ್ಮನ ಹೆಸರನ್ನು, ಅವರು ಕಡಲು ದಾಟಿ ಬಿಟ್ಟುಬಂದ ಹಳ್ಳಿಯ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದಳು. ಆಮೇಲೆ ಹಿಂದೆ ಉಳಿದವರು: ಮಗಳು ಬರ್ನಿಸ್, ಅಳಿಯ, ಮೊಮ್ಮಕ್ಕಳು, ತಮ್ಮ, ತಮ್ಮನ ಹೆಂಡತಿ, ಜ್ಞಾನಸ್ನಾನದಲ್ಲಿ ಅವರು ಹೊಣೆ ಹೊತ್ತ ಮಕ್ಕಳು, ತಾರೋಕಿಯ ಜೊತೆಗಾರರು. ಹಾಳೆಯಲ್ಲಿ ಎಲ್ಲಕ್ಕಿಂತ ಮೇಲೆ ಡೆಲ್ಬರ್ಟ್ ಎಂದಿತ್ತು. ಅವಳ ಕಣ್ಣು ಆ ಹೆಸರನ್ನು ಮುಟ್ಟಿತು, ದಾಟಿ ಮುಂದಕ್ಕೆ ಹೋಯಿತು.

ಮಣ್ಣಿನ ದಿನ ಕಾರುಗಳು ಇಗರ್ಜಿಯಿಂದ ಹತ್ತಿ ಗಿರಣಿಯವರೆಗೆ ನಿಂತಿದ್ದವು. ಸಭಾಂಗಣದಲ್ಲಿ ಜನ ಪಂಕ್ತಿ ಬದಲಿಸಿ ಬದಲಿಸಿ ಉಂಡರು. ಸಾಲಾಗಿ ಬಂದವರು ಬರ್ನಿಸಳ ಕೈ ಹಿಡಿದು ಅತ್ತರು, ಅಳಿಯನ ಕೈ ಕುಲುಕಿದರು, ಡೆಲ್ಬರ್ಟನ ಬಳಿ ಬಂದಾಗ ಕೈ ಎಲ್ಲಿಡುವುದೆಂದು ತಿಳಿಯದೆ ಟೋಪಿ ಸರಿಪಡಿಸಿಕೊಂಡು ಮುಂದೆ ಹೋದರು. ಅಪ್ಪ ಮಗನನ್ನು ಹೊರಗಿಟ್ಟು ಸತ್ತಿದ್ದಾನೆ ಎಂಬ ಮಾತು ಆಗಲೇ ಒಲೆಯಿಂದ ಒಲೆಗೆ ಹರಿದಿತ್ತು. ದೂರದ ಊರಿಂದ ಬಂದ ಕಿವಿ ಮಂದದ ಮುದುಕನೊಬ್ಬ ಮಾತ್ರ ನೇರವಾಗಿ ಕೇಳಿದ.

“ನೀವು ಯಾವ ಕಡೆಯವರಪ್ಪ?”

ಬಿಳಿ ಹಾಸಿನ ಮೇಜಿಗೆ ಡೆಲ್ಬರ್ಟ್ ತಟ್ಟೆ ಹಿಡಿದು ಬಂದಾಗ ಅಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ಕೇಳಿದ ಹೆಸರಿಗೆ ಸರಿಯಾಗಿ ಹಾಕಿದ್ದೇವೆ ಎಂದು ಹಿಲ್ಡಾ ಮೆಲ್ಲಗೆ ಹೇಳಿದಳು. ಬರ್ನಿಸ್ ಏಳಲು ಹೋದಳು, ಅವಳನ್ನು ಚಿಕ್ಕಪ್ಪ ಕೂರಿಸಿದ. ಡೆಲ್ಬರ್ಟ್ ಗೋಡೆಗೊರಗಿ ನಿಂತೇ ಉಂಡ. ಸೂಪು ಬಡಿಸುತ್ತಿದ್ದ ಆಲ್ಬೀನಾ ಅವನ ಬಟ್ಟಲಿಗೆ ತುಳುಕದ ಹಾಗೆ ಹಾಕಿದಳು. ಸೂಪು ಬಿಸಿಯಾಗಿತ್ತು.

ಅವನು ಮತ್ತೆ ಬಂದದ್ದು ಸೋಮವಾರ. ಆಲ್ಬೀನಾ ಕೊಲಾಚೆಯ ಹಿಟ್ಟಿನ ಉಂಡೆಗಳಿಗೆ ಹೆಬ್ಬೆರಳಿಂದ ಗುಳಿ ಒತ್ತುತ್ತಿದ್ದಳು. ಅವನು ಕೂರಲಿಲ್ಲ. ಕ್ಷೌರದಂಗಡಿಯಲ್ಲಿ ತಾನು ಹೋದೊಡನೆ ಮಾತು ನಿಲ್ಲುತ್ತದೆ ಎಂದ. ಅಪ್ಪ ಹಾಗೆ ಮಾಡಿಲ್ಲವೆಂದು ಎಷ್ಟು ಹೇಳಿದರೂ ಯಾರೂ ನಂಬುತ್ತಿಲ್ಲವೆಂದ.

“ಪಟ್ಟೀಲಿ ಮೊದಲನೇ ಹೆಸರೇ ನಂದು ಟೇಟಾ. ಯಾಕೆ ಓದಲಿಲ್ಲ?”

“ಜಾಗ ಇರಲಿಲ್ಲ.”

ಅವನಿಗೆ ಆ ಮಾತು ಎಲ್ಲೋ ಕೇಳಿದಂತಿತ್ತು, ಆದರೆ ಎಲ್ಲಿ ಎಂದು ಸಿಗಲಿಲ್ಲ. ಆಲ್ಬೀನಾ ಕೈಯ ಹಿಟ್ಟು ಒರೆಸಿಕೊಂಡಳು.

“ಟೀಲಿ ಎಲ್ಲಿ ಅಂತ ಕೇಳಿದೆಯಲ್ಲ ಅವತ್ತು. ನಿಮ್ಮಪ್ಪನಿಂದ ಎರಡು ಸಾಲು ಆಚೆ ಮಲಗಿದಾಳೆ. ಮಣ್ಣು ಹಾಕುವಾಗ ಅವಳನ್ನ ದಾಟ್ಕೊಂಡೇ ಹೋದೆ ನೀನು. ಅವಳ ಹಾಳೆ ನಿನ್ನ ಕೈಗೆ ನಾನೇ ತಂದುಕೊಟ್ಟಿದ್ದೆ. ನೋಡ್ತೀನಿ ಅಂದಿದ್ದೆ ನೀನು.”

ಡೆಲ್ಬರ್ಟ್ ಈಗ ಕೂತ. “ಮರೆತುಬಿಟ್ಟೆ ಟೇಟಾ,” ಎಂದ. “ದೇವರಾಣೆ, ಬೇಕಂತ ಮಾಡಲಿಲ್ಲ.”

“ಗೊತ್ತು. ಬೇಕಂತ ಮಾಡಿದ್ರೆ ಕ್ಷಮಿಸಬಹುದಿತ್ತು.”

ಅವನು ನನ್ನ ಹೆಸರನ್ನು ಒಮ್ಮೆ ಓದಿಬಿಡಿ, ಕೈತಪ್ಪಿನಿಂದ ಬಿಟ್ಟುಹೋಗಿತ್ತು ಎಂದುಬಿಡಿ ಎಂದು ಬೇಡಿಕೊಂಡ. ಓದುತ್ತೇನೆ ಎಂದಳು ಅವಳು. ಆದರೆ ಮೊದಲು ಟೀಲಿಯದು. ವೆಲ್ಕಾದ ಸ್ಟೇಷನ್ನಿನಲ್ಲಿ, ಹನ್ನೆರಡಕ್ಕೆ, ಗಂಟೆ ಬಾರಿಸಿ, ಅದೇ ವಾಲ್ಟ್ಸ್ ಹಾಕಿ. ಚೆಕ್ ಮಾತಿನಲ್ಲಿ, ಅವನೇ ಓದಬೇಕು. ಮೇಲಿನವರು ಬೈಯುತ್ತಾರೆ ಎಂದ. ಬೈಸಿಕೋ ಎಂದಳು.

“ನಂಗೆ ಆ ಮಾತು ಸರಿಯಾಗಿ ಓದಕ್ಕೆ ಬರಲ್ಲ. ತುಂಬ ಹೊತ್ತಾಗತ್ತೆ.”

“ಟೀಲಿಗೇನೂ ಅವಸರ ಇಲ್ಲ.”

ಹೆದ್ದಾರಿಯ ಹೋಟೆಲಿನಲ್ಲಿ ಊಟ ಮಾಡುತ್ತಿದ್ದವರೆಲ್ಲ ನೋಡಿದರು. ಡೆಲ್ಬರ್ಟ್ ವ್ರಾನಾ ಕುರ್ಚಿ ಹತ್ತಿ, ಸಾಸಿನ ಬಾಟಲಿಗಳ ಮೇಲಿದ್ದ ಮೊಳೆಯನ್ನು ಕೀಳುತ್ತಿದ್ದ. ನಡುವಿನ ತೂತಿಗೇ ಹೊಡೆದಿದ್ದರಿಂದ ತಟ್ಟೆ ಉಳಿದಿತ್ತು. ಜಿಡ್ಡು ಹಿಡಿದಿತ್ತು, ಅಂಗಿಯ ತೋಳಿನಲ್ಲಿ ಒರೆಸಿಕೊಂಡು ಹೋದ.

ಮರುದಿನ ಆಲ್ಬೀನಾ ನದಿಯಾಚೆಗೆ ಹೋಗಲಿಲ್ಲ. ಅಲ್ಲಿ ಆ ಹೊತ್ತಿಗೆ ಹಾಡು ಹಾಕಿಕೊಳ್ಳಲು ಹೇಳಿದ್ದಳು. ಹಿಂದಿನ ಸಂಜೆಯೇ ಹಿಲ್ಡಾ ವೆಲ್ಕಾದ ಹೆಂಗಸರಿಗೆಲ್ಲ, ನಾಳೆ ಹನ್ನೆರಡಕ್ಕೆ ಮುಳ್ಳನ್ನು ಎಡಕ್ಕೆ ಸರಿಸಿ, ಏನೋ ಇದೆ ಎಂದಷ್ಟೇ ಹೇಳಿದ್ದಳು. ಆಲ್ಬೀನಾ ಒಲೆಯ ಮುಂದೆ ಅಕ್ಕ ನಿಲ್ಲುತ್ತಿದ್ದಲ್ಲೇ ನಿಂತಳು. ಕಿಟಕಿಯ ರೇಡಿಯೊದಲ್ಲಿ ಇಬ್ಬರು ಜಗಳವಾಡುತ್ತಿದ್ದರು. ಒಬ್ಬನ ಮಾತು ಅರ್ಧಕ್ಕೇ ಕತ್ತರಿಸಿತು. ಗಂಟೆ. ಆಮೇಲೆ ಕರಕರ ಸದ್ದಿನ ಒಳಗಿಂದ ಹಳೆಯ ವಾಲ್ಟ್ಸ್. ಆಮೇಲೆ ಡೆಲ್ಬರ್ಟ್.

ಅವನು ತಡವರಿಸಿದ. ಒಟೀಲಿಯಾ ಎನ್ನುವಲ್ಲಿಯೇ ಒಮ್ಮೆ ನಿಂತ. ಅವಳ ತವರಿನ ಹೆಸರನ್ನು ಎರಡು ಸಲ ತಪ್ಪಿ ಮೂರನೆಯ ಸಲಕ್ಕೆ ಪೂರ್ತಿ ಹೇಳಿದ. ಹಿಂದೆ ಉಳಿದವರು, ತಂಗಿ ಆಲ್ಬೀನಾ, ಎಂದ. ಅಷ್ಟೇ ಇತ್ತು. ಅವಳು ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿದಳು. ಟೀಲಿ ಸತ್ತಳು.

ಮಧ್ಯಾಹ್ನವಿಡೀ ಫೋನು ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ಜಗುಲಿಯಲ್ಲಿ ಪಾತ್ರೆಗಳ ಸಾಲೇ ನಿಂತಿತು. ಜೇನು ಕಳಿಸಿದವಳು ಬಾಗಿಲಲ್ಲೇ ಕೂತು ಅತ್ತಳು. ಆಲ್ಬೀನಾಳೂ ಅವತ್ತೇ ಮೊದಲ ಸಲ ಅತ್ತದ್ದು.

ಡೆಲ್ಬರ್ಟನಿಗೆ ಕೊಟ್ಟ ಮಾತನ್ನು ಅವಳು ಮರೆಯಲಿಲ್ಲ. ಮಾರನೆಯ ಬೆಳಿಗ್ಗೆ ಅವನು ನದಿಯಾಚೆಯ ಸ್ಟೇಷನ್ನು ಹಚ್ಚಿಕೊಂಡು ಹನ್ನೆರಡಕ್ಕೆ ಕಾಯುತ್ತ ಕೂತಿದ್ದ. ಅಷ್ಟು ಹೊತ್ತು ಕಾಯಬೇಕಾಗಲಿಲ್ಲ. ಕೊಡು ಕೊಳ್ಳುವಿನಲ್ಲಿ ಒಣಹುಲ್ಲು ಆಯಿತು, ಹಳೆಯ ಒಲೆ ಆಯಿತು, ಕಳೆದದ್ದು ಸಿಕ್ಕಿದ್ದು ಶುರುವಾಯಿತು. ಆಲ್ಬೀನಾ ನಿಧಾನವಾಗಿ, ಒಂದಕ್ಷರವನ್ನೂ ನುಂಗದೆ ಓದಿದಳು.

“ಗಿರಣಿ ಹತ್ತಿರ ಬಿಳಿ ಮುಖದ ಕಡಸು ಸಿಕ್ಕಿದೆ, ಕಿವೀಲಿ ಗುರುತಿಲ್ಲ. ಇಗರ್ಜಿ ಮೆಟ್ಟಿಲ ಮೇಲೆ ಒಂದು ಕಂದು ಕೈಚೀಲ ಸಿಕ್ಕಿದೆ. ಅಲೋಯಿಸ್ ವ್ರಾನಾ ಅವರಿಗೆ ಡೆಲ್ಬರ್ಟ್ ಅಂತ ಒಬ್ಬ ಮಗ ಇದಾನೆ, ಪಟ್ಟೀಲಿ ಬಿಟ್ಟುಹೋಗಿತ್ತು, ಈಗ ಸಿಕ್ಕಿದಾನೆ. ಬಟ್ಟೆ ಒಗೆಯೋ ಮಷೀನು ಮಾರಾಟಕ್ಕಿದೆ, ಸ್ವಲ್ಪ ಸದ್ದು ಮಾಡತ್ತೆ.”

ಮೇವಿನಂಗಡಿಯಲ್ಲಿ ಚೀಲ ಹೊರುತ್ತಿದ್ದವನು ಚೀಲ ಕೆಳಗಿಟ್ಟು ಗೋಡೆ ಹಿಡಿದುಕೊಂಡು ನಗತೊಡಗಿದ. ಸ್ಟುಡಿಯೊದಲ್ಲಿ ಆಲ್ಬೀನಾಳ ಮುಂದಿದ್ದ ಫೋನು ಹೊಡೆದುಕೊಂಡಿತು. ಯಾರದೆಂದು ಅವಳಿಗೆ ಗೊತ್ತಿತ್ತು. ಅವಳು ಅದು ಬಾರಿಸಿ ಸುಮ್ಮನಾಗುವವರೆಗೂ ನೋಡುತ್ತ ಕೂತು, ಪೋಲ್ಕಾದ ತಟ್ಟೆಯ ಮೇಲೆ ಸೂಜಿ ಇಳಿಸಿದಳು.